ಗೃಹ ಪೌಡರ್ ಕೋಟಿಂಗ್ ಮೀಮಾಂಸೆ ಅಥವಾ ಯೆಜ್ಡಿ ಪೆಡಲಿನ ಮಡಿವಿಚಾರ

ನಗರದ ಮನೆಗಳಿಂದ ಮಡಿ ಅಳಿದುಹೋಯಿತು ಎಂಬ ಪಂಡಿತಮತವನ್ನು ಈ ಪ್ರಬಂಧ ಸಾರಾಸಗಟಾಗಿ ತಳ್ಳಿಹಾಕುತ್ತದೆ. ಅದು ಅಡುಗೆಮನೆಯಿಂದ ಎದ್ದು ಹೋಗಿ ಶೆಡ್ಡಿನಲ್ಲಿ ಕೂತಿದೆ, ಅಷ್ಟೇ. ಸಾಕ್ಷಿ ಬೇಕಾದವರು ಹಳೇ ಯೆಜ್ಡಿ ಬೈಕಿನ ಬಿಡಿಭಾಗಗಳಿಗೆ ಮನೆಯಲ್ಲೇ ಪೌಡರ್ ಕೋಟಿಂಗ್, ಅಂದರೆ ಪುಡಿಬಣ್ಣದ ಲೇಪ, ಹೊಡೆಯುವ ಮೈಸೂರಿಗರನ್ನು ನೋಡಬೇಕು.

ಮೊದಲಿಗೆ, ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಯೆಜ್ಡಿಯ ತವರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಯನ್ನು ಇನ್ನೂ ಮಾರದವನೇ ಅಧಿಕಾರಿ. ಮಾರಬೇಕೆಂದಿದ್ದೂ ಗಿರಾಕಿ ಸಿಗದವನನ್ನು ಹಾಗೆನ್ನಬಹುದೇ ಎಂಬ ತರ್ಕಕ್ಕೆ ಇಲ್ಲಿ ಜಾಗವಿಲ್ಲ.

ಇನ್ನು ಸ್ನಾನವಿಧಿ. ಬ್ರೇಕ್ ಪೆಡಲಿನ ಹಳೇ ಬಣ್ಣ, ಗ್ರೀಸು, ತುಕ್ಕು ಪೂರ್ತಿ ಹೋಗಬೇಕು. ರಬ್ಬರ್ ಬುಷ್ಷುಗಳನ್ನು ಮೊದಲೇ ಕಳಚಿಡಬೇಕು. ಕಾರ್ಖಾನೆಗಳಲ್ಲಿ ಇದಕ್ಕೆ ಸಾಲಾಗಿ ಏಳು ತೊಟ್ಟಿ ಇಟ್ಟು, ಜಿಡ್ಡು ತೆಗೆದು, ತುಕ್ಕು ಬಿಡಿಸಿ, ಫಾಸ್ಫೇಟ್ ಲೇಪ ಕೊಡುತ್ತಾರೆ. ಗೃಹಸ್ಥನಿಗಿರುವುದು ಎರಡು ಬಕೆಟ್ಟು, ಮನೆಯವರ ಕಣ್ಣುತಪ್ಪಿಸಿ ತಂದ ಒಂದು ಟಬ್ಬು. ಇಷ್ಟಾದಮೇಲೆ ಪೆಡಲನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಲೇಪ ಸರಿಯಾಗಿ ಕಚ್ಚುವುದಿಲ್ಲ. ಈ ಕುರಿತು ಒಂದು ಸಂವಾದ ಲಭ್ಯವಿದೆ. ತಂತಿಗೆ ನೇತುಹಾಕಿದ್ದ ಪೆಡಲನ್ನು ಅಜ್ಜಿ ಸರಿಸಹೋದರು.

“ಅಜ್ಜಿ, ಮುಟ್ಬೇಡಿ!”

“ಯಾಕೋ, ನಾನು ಮಡೀಲೇ ಇದೀನಲ್ಲೋ.”

“ನೀವು ಮಡಿ, ಕೈ ಮೈಲಿಗೆ. ಈಗ ತಾನೇ ಹೋಳಿಗೆ ಕಣಕ ನಾದಿದ್ರಲ್ಲ, ಕೈಯೆಲ್ಲ ಎಣ್ಣೆ.”

ಅಜ್ಜಿ ಮರುಮಾತಾಡದೆ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇರೆ ಬೇಕಿಲ್ಲ.

ಸ್ನಾನದ ಬಳಿಕ ಲೇಪನ. ಗನ್ನಿನಿಂದ ಹೊರಡುವ ಪುಡಿಗೆ ಸಾವಿರಗಟ್ಟಲೆ ವೋಲ್ಟಿನ ವಿದ್ಯುದಾವೇಶ ಕೊಟ್ಟು, ಪೆಡಲಿಗೆ ಅರ್ತ್ ಕೊಟ್ಟರೆ ಪುಡಿ ತಾನಾಗಿ ಬಂದು ಹಿಂಬದಿಗೂ ಅಂಟಿಕೊಳ್ಳುತ್ತದೆ. ಒಳಮೂಲೆಗೆ ಮಾತ್ರ ಹೋಗಲೊಲ್ಲದು. ಕಸ ಗುಡಿಸುವಾಗ ಮಗ ಮೂಲೆ ಬಿಟ್ಟರೆ ಅದು ಸೋಮಾರಿತನ. ಪುಡಿ ಬಿಟ್ಟರೆ ಫ್ಯಾರಡೆ ಪಂಜರ ಪರಿಣಾಮ. ಗಾಳಿಯಲ್ಲಿ ತುಂಬಿದ ಪುಡಿಗೆ ಕಿಡಿ ತಾಗಿದರೆ ಸ್ಫೋಟವಾದೀತು. ಹಾಗಾಗಿ ಊದುಬತ್ತಿ ಹಚ್ಚಿ ಶುರುಮಾಡುವ ಆಸ್ತಿಕರು ಅದನ್ನು ಪೂರ್ತಿ ನಂದಿಸಿಯೇ ಗನ್ ಹಿಡಿಯತಕ್ಕದ್ದು.

ಪುಡಿಯಲ್ಲೂ ಮತಭೇದವುಂಟು. ಎಪಾಕ್ಸಿ ತುಕ್ಕಿಗೆ ಜಗ್ಗದು, ಆದರೆ ಬಿಸಿಲಲ್ಲಿ ಬಿಳಿಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಿಸಿಲಿಗೆ ಅಂಜದು. ಎರಡನ್ನೂ ಬೆರೆಸಿದ ಹೈಬ್ರಿಡ್ ಸಮನ್ವಯವಾದಿ. ಎಲ್ಲ ಸಮನ್ವಯವಾದಿಗಳ ಹಾಗೆ ಮನೆಯೊಳಗಿದ್ದರೆ ಚೆನ್ನ.

ಈಗ ಅಗ್ನಿಸಂಸ್ಕಾರ, ಅಂದರೆ ಅಂಟಿದ ಪುಡಿಯನ್ನು ಓಟಿಜಿ ಎಂಬ ವಿದ್ಯುತ್ ಒಲೆಯಲ್ಲಿ ಬೇಯಿಸುವುದು. ಪೂರ್ವಪಕ್ಷ, ಅಂದರೆ ಮನೆಯಾಕೆ, ಹೇಳುವುದು: “ಓಟಿಜಿ ತಂದದ್ದು ಕೇಕಿಗೆ.” ಉತ್ತರಪಕ್ಷ: ಅನೇಕ ಪುಡಿಗಳಿಗೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಸಾಕು, ಸಾಮಾನ್ಯ ಕೇಕಿಗೆ ಇದಕ್ಕಿಂತ ಹೆಚ್ಚೇ ಹೊತ್ತು ಬೇಕು. ಇಲ್ಲೊಂದು ಸೂಕ್ಷ್ಮವಿದೆ: ಈ 10 ನಿಮಿಷವನ್ನು ಸ್ವಿಚ್ ಒತ್ತಿದ ಗಳಿಗೆಯಿಂದ ಎಣಿಸಬಾರದು, ಪೆಡಲಿನ ಲೋಹವೇ ಆ ಶಾಖಕ್ಕೆ ಬಂದಮೇಲೆ ಎಣಿಸಬೇಕು. ಅವಸರಪಟ್ಟವರ ಲೇಪ ನುಣ್ಣಗೆ ಹೊಳೆಯುತ್ತದೆ, ಬೂಟುಗಾಲಿನ ಮೊದಲ ಒದೆತಕ್ಕೇ ಚಕ್ಕೆ ಏಳುತ್ತದೆ.

ಒಮ್ಮೆ ಪೌಡರ್ ಬೆಂದ ಓಟಿಜಿ ಶಾಶ್ವತವಾಗಿ ಮೈಲಿಗೆ. ಅದರಲ್ಲಿ ಮತ್ತೆ ಅನ್ನಾಹಾರ ಬೇಯಿಸಕೂಡದು, ಮತ್ತು ಇದು ಹಾಸ್ಯವಲ್ಲ. ಪುಣ್ಯಾಹವಾಗಲಿ, ಹುಣಸೆಹಣ್ಣಾಗಲಿ, ಅಡುಗೆಸೋಡವಾಗಲಿ ಅದನ್ನು ಶುದ್ಧಿ ಮಾಡಲಾರವು. ಇದಕ್ಕೆ ಇರುವ ಏಕೈಕ ಪ್ರಾಯಶ್ಚಿತ್ತ ಹೊಸ ಓಟಿಜಿ. ಅದು ಮೊದಲಿನದಕ್ಕಿಂತ ದೊಡ್ಡದಿರತಕ್ಕದ್ದು ಎಂಬುದು ಪೂರ್ವಪಕ್ಷದವರ ತಿದ್ದುಪಡಿ. ಅಧಿಕಾರಿ ಅದಕ್ಕೆ ಅನುಮಾನ ಬರುವಷ್ಟು ಬೇಗ ಒಪ್ಪಿಕೊಳ್ಳುತ್ತಾನೆ. ಅಂಗಡಿಯವನು “ಎಷ್ಟು ಕೆಜಿ ಕೇಕ್ ಮಾಡ್ತೀರಾ ಸಾರ್?” ಎಂದು ಕೇಳುವಾಗ ಈತ ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಯೆಜ್ಡಿಯ ಚೈನ್ ಕವರಿನ ಅಳತೆ ಬರೆದ ಚೀಟಿ ಹಿಡಿದು ಓಟಿಜಿಯೊಳಗೆ ತಲೆ ಹಾಕಿರುತ್ತಾನೆ.