ಮೀನಖಂಡ: ಬಳಕೆದಾರರ ಕೈಪಿಡಿ

ಮೊದಲ ಮಾತು

ಎರಡು ಮೀನಖಂಡಗಳ ಮಾಲೀಕರಾದ ತಮಗೆ ಅಭಿನಂದನೆಗಳು. ಹುಟ್ಟುವಾಗಲೇ ಕೈಸೇರಿದ ಈ ಸಾಧನವನ್ನು ತಾವು ಬಹುಕಾಲ ಮೇಜಿನ ಕೆಳಗೆ ಭದ್ರವಾಗಿ ಇಟ್ಟಿದ್ದಿರಿ. ಶುಗರ್ ರಿಪೋರ್ಟು ಬಂದ ಮಾರನೆಯ ದಿನ ಹೊಸ ಶೂ ಕೊಂಡು ಅದನ್ನು ಹೊರತೆಗೆದಿರಿ. ಈಗ ಅದು ಪದೇ ಪದೇ ಹಿಡಿದುಕೊಳ್ಳುತ್ತಿದೆ. ‘ಮುಂದುವರಿಸಲೋ, ಬಿಡಲೋ’ ಎಂದು ಭಾವಮೈದುನನಿಂದ ಹಿಡಿದು ಹಾಲಿನವನವರೆಗೆ ಎಲ್ಲರನ್ನೂ ಕೇಳಿ, ಕಡೆಗೆ ಕೈಪಿಡಿ ತೆರೆದಿದ್ದೀರಿ. ಜಗತ್ತಿನ ಎಲ್ಲ ಕೈಪಿಡಿಗಳ ಹಣೆಬರಹವೂ ಇಷ್ಟೇ.

1. ಚಾಲೂ ಮಾಡುವ ಮುನ್ನ ನೋವನ್ನು ಗುರುತಿಸಿ

ಅ) ಮಾರನೆಯ ದಿನದ ನೋವು: ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ‘ಬಸ್ ಯಾಕೆ, ಇಳಿಯೋದು ತಾನೇ’ ಎಂದು ಮೆಟ್ಟಿಲಲ್ಲೇ ಇಳಿದು ಬಂದವರಿಗೆ ಇದರ ಪರಿಚಯವಿದೆ. ಆ ದಿನ ಏನೂ ಆಗುವುದಿಲ್ಲ. ಮರುದಿನ ಬೆಳಗ್ಗೆ ಪಾಯಿಖಾನೆಯಲ್ಲಿ ಕೂರಲು ಹೋದಾಗ ತಾಯಿ ಚಾಮುಂಡಿ ನೆನಪಾಗುತ್ತಾಳೆ. ಒಂದು ಕೈ ಗೋಡೆಗೆ, ಇನ್ನೊಂದು ನಲ್ಲಿಗೆ, ತೊಡೆ ಗಡಗಡ, ಕೂತದ್ದಾಯಿತು, ಏಳುವುದು ಹೇಗೆ? ಈ ಶಿಕ್ಷೆ ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಒಂದು ಕಡೆ ಉದ್ದವಾಗುತ್ತ, ಇನ್ನೊಂದು ಕಡೆ ಮೈಭಾರವನ್ನು ತಡೆಹಿಡಿಯಬೇಕು. ಆ ಜಗ್ಗಾಟದಲ್ಲಿ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು 24ರಿಂದ 72 ಗಂಟೆಗಳ ನಡುವೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಜಿಮ್ಮಿನಲ್ಲಿ ಎಲ್ಲರೂ ಬೈಯುವ ಲ್ಯಾಕ್ಟಿಕ್ ಆಸಿಡ್ ಇದರಲ್ಲಿ ನಿರಪರಾಧಿ; ವ್ಯಾಯಾಮ ಮುಗಿದು ಒಂದೆರಡು ಗಂಟೆಯಲ್ಲಿ ಅದು ಜಾಗ ಖಾಲಿ ಮಾಡಿರುತ್ತದೆ.

ಬಳಕೆ: ಮುಂದುವರಿಸಬಹುದು. ಆದರೆ ಬೆಟ್ಟ ಬೇಡ, ಬೀದಿ ಸಾಕು. ನಿಧಾನವಾಗಿ ನಡೆದರೆ ನೋವು ಸ್ವಲ್ಪ ಸಡಿಲವಾಗುತ್ತದೆ.

ಆ) ಸೆಳೆತ: ಓಡುತ್ತಿರುವಾಗಲೋ, ರಾತ್ರಿ ಮೂರು ಗಂಟೆಗೆ ಮಗ್ಗುಲು ಬದಲಿಸುವಾಗಲೋ ಮೀನಖಂಡ ಗಂಟು ಕಟ್ಟಿಕೊಂಡು ಕಲ್ಲಾಗುತ್ತದೆ. ದಣಿದ ಸ್ನಾಯುವಿಗೆ ನರದಿಂದ ‘ಬಿಗಿ’ ಎಂಬ ಆಜ್ಞೆ ಮೇಲಿಂದ ಮೇಲೆ ಬಂದು, ‘ಸಡಿಲಿಸು’ ಎಂಬುದು ಬಾರದೆ ಹೀಗಾಗುತ್ತದೆ ಎನ್ನುವುದು ಈಗ ಹೆಚ್ಚು ಒಪ್ಪಿಗೆ ಪಡೆದಿರುವ ವಿವರಣೆ. ಬೆವರಿನಲ್ಲಿ ಹೋದ ಉಪ್ಪುನೀರಿನ ಪಾಲೂ ಕೆಲವರಲ್ಲಿ ಇರಬಹುದು.

ಬಳಕೆ: ನಿಲ್ಲಿಸಿ. ಮೊಣಕಾಲು ನೇರ ಮಾಡಿ, ಕಾಲ್ಬೆರಳುಗಳನ್ನು ಮೈಯ ಕಡೆಗೆ ಎಳೆದು ಹಿಡಿಯಿರಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಬಿಟ್ಟಿತೆಂದು ಅದೇ ವೇಗಕ್ಕೆ ಮರಳಬೇಡಿ. ಉಳಿದ ದಾರಿ ನಡೆದೇ ಮನೆಗೆ ಬನ್ನಿ.

ಇ) ಒಂದೇ ಬಿಂದುವಿನ ಚುಚ್ಚುನೋವು: ‘ಟಕ್’ ಎಂದಂತಾಗಿ, ಕಾಲು ಊರಲಾಗದೆ, ಬಾವು ಬಂದರೆ ಸ್ನಾಯು ಹರಿದಿರಬಹುದು.

ಬಳಕೆ: ಇಲ್ಲ. ಆಟೋ ಕರೆಯಿರಿ.

2. ಅನಧಿಕೃತ ಬಿಡಿಭಾಗಗಳು

ಬಾಳೆಹಣ್ಣು: ತಿನ್ನಿ, ಒಳ್ಳೆಯದು. ಆದರೆ ಅದರ ಪೊಟ್ಯಾಷಿಯಂ ರಕ್ತ ಸೇರುವಷ್ಟರಲ್ಲಿ ತಮ್ಮ ಸೆಳೆತ ತಾನೇ ಬಿಟ್ಟು ಹೋಗಿ, ತಾವು ಮನೆ ತಲುಪಿ ಸ್ನಾನವನ್ನೂ ಮುಗಿಸಿರುತ್ತೀರಿ.

ಉಪ್ಪಿನಕಾಯಿ ನೀರು: ಹುಬ್ಬೇರಿಸಬೇಡಿ. 2010ರಲ್ಲಿ ಅಮೆರಿಕದ ಸಂಶೋಧಕರು ವಿದ್ಯುತ್ ಹಾಯಿಸಿ ಯುವಕರ ಪಾದದಲ್ಲಿ ಸೆಳೆತ ಬರಿಸಿ, ಮಿಡಿಸೌತೆ ಉಪ್ಪಿನಕಾಯಿಯ ಹುಳಿನೀರು ಕುಡಿಸಿದರು. ಬರೀ ನೀರು ಕುಡಿದಾಗಿನದಕ್ಕಿಂತ ಸುಮಾರು 50 ಸೆಕೆಂಡ್ ಮೊದಲೇ ಸೆಳೆತ ಬಿಟ್ಟಿತು. ಅಷ್ಟರಲ್ಲಿ ಅದು ರಕ್ತ ಸೇರಿರುವುದು ಅಸಾಧ್ಯ. ಗಂಟಲಿಗೆ ತಾಗಿದ ಹುಳಿಯೇ ನರಕ್ಕೆ ಏನೋ ಹೇಳಿರಬೇಕೆಂದು ಅವರ ಊಹೆ. ಇದನ್ನು ನೆಪ ಮಾಡಿಕೊಂಡು ಬಿ.ಪಿ. ಇರುವವರು ಮಾವಿನ ಮಿಡಿಯ ಭರಣಿಗೆ ಕೈ ಹಾಕಬಾರದು.

ಮೆಗ್ನೀಷಿಯಂ ಮಾತ್ರೆ: ವಯಸ್ಸಾದವರ ಸೆಳೆತವನ್ನು ಇದು ತಡೆಯುವ ಸಂಭವ ಕಡಿಮೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಹೇಳಿದೆ. ಈ ಮಾತ್ರೆಯನ್ನೇ ಸಲಹೆ ಮಾಡಿದ ಪಕ್ಕದ ಮನೆಯವರಿಗೆ ಇದನ್ನು ತಿಳಿಸಿ ಸಂಬಂಧ ಕೆಡಿಸಿಕೊಳ್ಳುವುದು ತಮ್ಮ ಇಚ್ಛೆ.

‘ಇನ್ನೊಂದೇ ಸರ್, ಲಾಸ್ಟ್ ಒಂದು’ ಎನ್ನುವ ಟ್ರೈನರ್: ಈ ಬಿಡಿಭಾಗಕ್ಕೆ ಲೆಕ್ಕ ಬರುವುದಿಲ್ಲ. ಕೊನೆಯದಾದ ಮೇಲೆ ಇನ್ನೂ ಮೂರು ಕೊನೆಯವು ಇರುತ್ತವೆ.

3. ಅಳತೆ

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮೂರು, ನಾಲ್ಕರೊಳಗಿದ್ದು ಮರುದಿನ ಬೆಳಗಾಗುವಷ್ಟರಲ್ಲಿ ಹಿಂದಿನ ಮಟ್ಟಕ್ಕೆ ಇಳಿದರೆ ಸಾಗಿಸಬಹುದು. ಐದು ದಾಟಿದರೆ, ಇಲ್ಲವೇ ಕುಂಟುತ್ತ ಓಡುತ್ತಿದ್ದರೆ, ಆ ದಿನಕ್ಕೆ ಅಂಗಡಿ ಮುಚ್ಚಿ. ಅಂಕ ಕೊಡುವಾಗ ಮನೆಯವರು ಹತ್ತಿರವಿದ್ದರೆ ಹೆಚ್ಚು, ಗೆಳೆಯರಿದ್ದರೆ ಕಡಿಮೆ ಬರುವುದುಂಟು. ಒಬ್ಬರೇ ಇದ್ದಾಗ ಅಳೆಯಿರಿ.

4. ದೋಷ ಪತ್ತೆ

ಸೆಳೆತ ವಾರವಾರವೂ ಬರುತ್ತಿದೆ: ಕಾಲನ್ನು ಬಿಟ್ಟು ಔಷಧಿಯ ಡಬ್ಬಿ ನೋಡಿ. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ಕೆಲವರಿಗೆ ಮೈಕೈ ನೋವು ಬರುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯಿಂದ ಪೊಟ್ಯಾಷಿಯಂ ಇಳಿಯಬಹುದು. ಥೈರಾಯ್ಡ್, ವಿಟಮಿನ್ ಡಿ ಕೊರತೆಯೂ ಕಾರಣವಿರಬಹುದು. ಮಾತ್ರೆಯನ್ನು ತಾವೇ ನಿಲ್ಲಿಸದೆ, ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ.

ದಿನವೂ ಹೆಚ್ಚುಕಡಿಮೆ ಅದೇ ಲೈಟ್ ಕಂಬದ ಹತ್ತಿರ ಕಾಲು ಹಿಡಿದು, ನಿಂತರೆ ಬಿಡುತ್ತದೆ: ಕಾಲಿನ ರಕ್ತನಾಳ ಕಿರಿದಾಗಿರಬಹುದು. ಬೀಡಿ, ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು. ಪರೀಕ್ಷೆಯಾದ ಮೇಲೆ ವೈದ್ಯರು ನಡಿಗೆಯನ್ನೇ ಮದ್ದಾಗಿ ಬರೆದುಕೊಡುವುದುಂಟು: ನೋವು ಬರುವ ತನಕ ನಡೆ, ನಿಲ್ಲು, ಮತ್ತೆ ನಡೆ. ನೋವಿನೊಳಕ್ಕೆ ನಡೆಯಿರಿ ಎಂದು ವೈದ್ಯರೇ ಹೇಳುವ ಅಪರೂಪದ ಸಂದರ್ಭ ಇದು.

ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿದೆ: ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.

ವಿಪರೀತ ವ್ಯಾಯಾಮದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದೆ: ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರಬಹುದು. ಕೂಡಲೇ ಆಸ್ಪತ್ರೆ.

ನಡೆಯುವಾಗ ಎದೆ, ದವಡೆ, ಎಡಗೈ ಹಿಡಿಯುತ್ತದೆ: ಗ್ಯಾಸ್ ಎಂದು ಸೋಡಾ ಕುಡಿಯಬೇಡಿ. ಇದೂ ಕೂಡಲೇ.

5. ವಾರಂಟಿ

ಇಲ್ಲ. ಬದಲಿ ಮಾದರಿ ತಯಾರಾಗುವುದಿಲ್ಲ, ವಿನಿಮಯ ಸೌಲಭ್ಯವೂ ಇಲ್ಲ. ಬಳಸದೆ ಇಟ್ಟರೂ ಸವೆಯುವ ಸಾಧನ ಇದು. ಆದ್ದರಿಂದ ನೋವಿನ ಹೆಸರಲ್ಲಿ ಶೂಗಳನ್ನು ಅಟ್ಟಕ್ಕೆ ಹಾಕುವುದಕ್ಕೂ ಈ ಕೈಪಿಡಿಯ ಒಪ್ಪಿಗೆಯಿಲ್ಲ. ಮೈ ನೊಂದಿದ್ದರೆ ನಿಧಾನಿಸಿ, ಹಿಡಿದುಕೊಂಡರೆ ನಿಲ್ಲಿಸಿ, ಮತ್ತೆ ಮತ್ತೆ ಹಿಡಿದರೆ ತೋರಿಸಿ. ಹಲ್ಲು ಕಚ್ಚಿ ಓಡಿದವರಿಗೆಂದು ಯಾವ ಪಾರ್ಕಿನಲ್ಲೂ ಪದಕ ಕೊಡುವುದಿಲ್ಲ.