ಶಾಸ್ತ್ರೋಕ್ತವಾಗಿ ಬೀಳುವ ವಿಧಾನ

ಅರವತ್ತೈದು ದಾಟಿದ, ಹೃದಯದ್ದೋ ಬಿಪಿಯದ್ದೋ ಮಾತ್ರೆ ನುಂಗುವ ಹಿರಿಯರಿಗಾಗಿ ಈ ಕೈಪಿಡಿ. ಬೇರೆಯವರೂ ಬೀಳಬಹುದು, ಆದರೆ ಅವರಿಗೆ ಬಾಳೆಹಣ್ಣಿನ ಸಿಪ್ಪೆಯೋ ಪಾಚಿ ಕಟ್ಟಿದ ಮೆಟ್ಟಿಲೋ ಬೇಕು. ನೀವು ಸುಮ್ಮನೆ ಎದ್ದು ನಿಂತರೆ ಸಾಕು.

ಬೇಕಾಗುವ ಸಾಮಗ್ರಿ

ಹಳೆಯ ಬಿಸ್ಕತ್ತಿನ ಡಬ್ಬಿ ಒಂದು. ಅದರ ತುಂಬ ಮಾತ್ರೆ: ಬಿಪಿ ಮಾತ್ರೆ, ನೀರು ಹೋಗೋ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ನಾಲಿಗೆ ಕೆಳಗಿಡೋ ಮಾತ್ರೆ. ಆಮ್ಲೋಡಿಪಿನ್, ಫ್ಯೂರೊಸಮೈಡ್, ಕ್ಲೊಪಿಡೊಗ್ರೆಲ್, ಸಾರ್ಬಿಟ್ರೇಟ್ ಎಂದೆಲ್ಲ ಇವಕ್ಕೆ ಹೆಸರುಗಳಿವೆ. ಅವನ್ನು ನೆನಪಿಡಬೇಡಿ. ‘ಬಿಳೀದು ಬೆಳಿಗ್ಗೆ, ಕೆಂಪು ರಾತ್ರಿ’ ಎಂಬಷ್ಟು ವಿದ್ಯೆ ಧಾರಾಳವಾಯಿತು.

ಡಬ್ಬಿಯಲ್ಲಿ ಕಡೇಪಕ್ಷ ಮೂವರು ಡಾಕ್ಟರುಗಳ ಚೀಟಿ ಇರಲಿ, ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ. ಆಗ ಊರಿನ ಡಾಕ್ಟರು ಬರೆದ ಟೆಲ್ಮಿಸಾರ್ಟನ್ ಒಂದು ಕಂಪನಿಯ ಹೆಸರಿನಲ್ಲೂ, ಪೇಟೆಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಬರೆದ ಅದೇ ಟೆಲ್ಮಿಸಾರ್ಟನ್ ಇನ್ನೊಂದು ಹೆಸರಿನಲ್ಲೂ ನಿಷ್ಠೆಯಿಂದ ಹೊಟ್ಟೆ ಸೇರುತ್ತವೆ. ಪ್ರಾಸ್ಟೇಟ್ ತೊಂದರೆಗೆ ಕೊಟ್ಟ ಟ್ಯಾಮ್ಸುಲೋಸಿನ್ ವಿಷಯವನ್ನು ಹೃದಯದ ಡಾಕ್ಟರ ಹತ್ತಿರ ಎತ್ತುವುದು ಮರ್ಯಾದಸ್ಥರಿಗೆ ಸಲ್ಲದು ಎಂದುಕೊಂಡಿರುತ್ತೀರಿ. ಬಹಳ ಒಳ್ಳೆಯದು. ಅದು ಮೂತ್ರದ ದಾರಿಯನ್ನು ಸಡಿಲಿಸುವಾಗ ರಕ್ತನಾಳಗಳನ್ನೂ ಅಷ್ಟಿಷ್ಟು ಸಡಿಲಿಸುತ್ತದೆ.

ಮುಖ್ಯ ವಿಧಾನ: ನಸುಕಿನದು

ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿ. ರಾತ್ರಿ ಪದೇ ಪದೇ ಏಳಬೇಕಾಗುತ್ತದೆ ಎಂಬ ನೆಪ ಇದ್ದೇ ಇದೆ. ನೀರು ಹೋಗೋ ಮಾತ್ರೆಯನ್ನು ಮಾತ್ರ ಮಲಗುವ ಮುಂಚೆ ನುಂಗಿ, ಏಳುವುದು ತಪ್ಪದಿರಲಿ. ಕೋಳಿ ಕೂಗುವ ಹೊತ್ತಿಗೆ ಒತ್ತಡ ತಡೆಯಲಾರದೆ ಎಚ್ಚರವಾಗುತ್ತದೆ. ದೀಪ ಹಾಕಬೇಡಿ, ಮಕ್ಕಳ ನಿದ್ದೆ ಕೆಡುತ್ತದೆ. ಮಲಗಿದಲ್ಲಿಂದ ಒಂದೇ ಏಟಿಗೆ ಎದ್ದು, ನಿಂತು, ಬಚ್ಚಲಿನ ಕಡೆ ಬೀಸುಹೆಜ್ಜೆ ಹಾಕಿ.

ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ಎಲ್ಲರಿಗೂ ಇಳಿಯುತ್ತದೆ. ಕತ್ತಿನ ನಾಳದಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲೂ ಒತ್ತಡ ಕಾಯುವ ನರತುದಿಗಳಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮಿದುಳು ಹೃದಯವನ್ನು ಓಡಿಸುತ್ತದೆ, ನಾಳಗಳನ್ನು ಬಿಗಿ ಮಾಡಿಸುತ್ತದೆ. ಇಪ್ಪತ್ತರ ಹುಡುಗನಿಗೆ ಇದೆಲ್ಲ ನಡೆದದ್ದೇ ತಿಳಿಯುವುದಿಲ್ಲ. ನಿಮ್ಮ ವಯಸ್ಸಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಮುಟ್ಟಿದ ಮೇಲೂ ಏನು ಮಾಡೀತು? ಓಡಬೇಡ ಎಂದು ಮೆಟೊಪ್ರೊಲಾಲ್ ಹೃದಯಕ್ಕೆ ಹೇಳಿಟ್ಟಿದೆ, ಬಿಗಿಯಬೇಡಿ ಎಂದು ಆಮ್ಲೋಡಿಪಿನ್ ನಾಳಗಳಿಗೆ ಹೇಳಿಟ್ಟಿದೆ, ಇದ್ದ ನೀರನ್ನು ಫ್ಯೂರೊಸಮೈಡ್ ಆಗಲೇ ಹೊರಗೆ ಕಳಿಸಿದೆ. ಮೂರೂ ತಮಗೆ ವಹಿಸಿದ ಕೆಲಸವನ್ನೇ ಚಾಚೂ ತಪ್ಪದೆ ಮಾಡಿವೆ. ಒತ್ತಡ ಇಳಿದಾಗ ಮೊದಲು ನೀರು ನಿಲ್ಲುವುದು ಮೇಲಿನ ಮಹಡಿಯ ನಲ್ಲಿಯಲ್ಲಿ. ಕಣ್ಣು ಕತ್ತಲೆಗಟ್ಟುತ್ತದೆ, ತಲೆ ಗಿರ್ರೆನ್ನುತ್ತದೆ, ಕೈ ಗೋಡೆಗಾಗಿ ತಡಕಾಡುತ್ತದೆ. ಗೋಡೆ ಸಿಗದಿದ್ದರೆ ವಿಧಾನ ಸಂಪೂರ್ಣ.

ನಿಂತೇ ಮೂತ್ರ ಮಾಡುವ ಗಂಡಸರಿಗೆ ಇಲ್ಲಿ ಇನ್ನೊಂದು ಅವಕಾಶವಿದೆ. ಮೂತ್ರಕೋಶ ಖಾಲಿಯಾಗುವ ಹೊತ್ತಿನಲ್ಲೂ ಒತ್ತಡ ತಟಕ್ಕನೆ ಇಳಿಯಬಲ್ಲದು.

ಹಬ್ಬ ಹರಿದಿನಗಳ ವಿಧಾನ

ದೀಪಾವಳಿಯ ಎಣ್ಣೆಸ್ನಾನಕ್ಕೆ ಸಮನಾದದ್ದು ಇಲ್ಲ. ಹಂಡೆಯ ಕುದಿನೀರು ಮೈಯ ನಾಳಗಳನ್ನೆಲ್ಲ ಅರಳಿಸುತ್ತದೆ, ನೆಲ ಜಾರುತ್ತದೆ, ಮಣೆಯಿಂದ ಏಳಬೇಕಾಗುತ್ತದೆ. ಚಿಲಕ ಒಳಗಿನಿಂದ ಹಾಕಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಯಾರಾದರೂ ಬಂದು ಹಿಡಿದುಕೊಂಡಾರು.

ಮದುವೆಮನೆಯಲ್ಲಾದರೆ ಒಬ್ಬಟ್ಟು, ಚಿತ್ರಾನ್ನ, ಎರಡು ಸಲ ಅನ್ನ ಮುಗಿಸಿ ಎಲೆ ಬಿಟ್ಟೇಳಿ. ರಕ್ತ ಜೀರ್ಣಕ್ಕೆಂದು ಹೊಟ್ಟೆಯ ಕಡೆ ಹರಿದಿರುತ್ತದೆ. ಊಟವಾದ ಎರಡು ಗಂಟೆಯೊಳಗೆ ಹಿರಿಯರ ಬಿಪಿ ಇಳಿಯುವುದು ಸಾಮಾನ್ಯ, ಅನ್ನ ಸಿಹಿ ಹೆಚ್ಚಾದಷ್ಟೂ ಇಳಿಯುವುದು ಹೆಚ್ಚು. ಆಗಲೇ ಹೋಗಿ ಆರತಕ್ಷತೆಯ ಸಾಲಿನಲ್ಲಿ ನಿಂತುಬಿಡಿ. ಏಕಾದಶಿಯ ದಿನ ಇದರ ತದ್ವಿರುದ್ಧ: ನೀರನ್ನೂ ಮುಟ್ಟದೆ ಎಲ್ಲ ಮಾತ್ರೆಗಳನ್ನೂ ನುಂಗಿ. ವಾಂತಿಭೇದಿಯ ದಿನವೂ ಡಾಕ್ಟರಿಗೊಂದು ಫೋನ್ ಮಾಡದೆ ನೀರು ಹೋಗೋ ಮಾತ್ರೆಯನ್ನು ಮುಂದುವರಿಸಿದರೆ ಅದೇ ಫಲ.

ಬಿಪಿ ಮಿಷನ್ ಬಳಸುವ ಬಗೆ

ಇದೊಂದು ಕೈಗೂಡಿದರೆ ಬೇರೆ ವಿಧಾನ ಬೇಕಿಲ್ಲ. ಕಾಫಿ ಕುಡಿದು, ಸೋಫಾದಲ್ಲಿ ಒರಗಿ ಪಟ್ಟಿ ಕಟ್ಟಿಸಿಕೊಳ್ಳಿ. 130, 80. ಮಗ ಅದರ ಫೋಟೋ ತೆಗೆದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾನೆ, ಅಮೆರಿಕದ ಮಗಳು ಹೆಬ್ಬೆರಳು ಎತ್ತುತ್ತಾಳೆ. ಎಲ್ಲರಿಗೂ ಸಮಾಧಾನ. ಕೂತಲ್ಲೇ ಯಾರೂ ಬೀಳುವುದಿಲ್ಲ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಐದು ನಿಮಿಷ ಮಲಗಿಸಿಯೋ ಕೂರಿಸಿಯೋ ಒಮ್ಮೆ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದರೆ ಗುಟ್ಟು ಬಯಲಾಗುತ್ತದೆ: ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರ ಲೆಕ್ಕದಲ್ಲಿ ಅದಕ್ಕೆ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಎಂಬ ಹೆಸರಿದೆ. ನನಗೆ ತಿಳಿದ ಎಷ್ಟೋ ಮನೆಗಳಲ್ಲಿ ‘ಮಾತ್ರೆ ತಗೊಂಡ್ರಾ ಅಪ್ಪಾ?’ ಎಂದು ದಿನಾ ಕೇಳುತ್ತಾರೆ, ‘ಎದ್ದಾಗ ಹೇಗಿತ್ತು?’ ಎಂದು ಕೇಳಿದವರನ್ನು ಕಾಣೆ. ಈ ಕೈಪಿಡಿಯ ಯಶಸ್ಸು ನಿಂತಿರುವುದೇ ಅದರ ಮೇಲೆ.

ತಯಾರಕರ ಕುರಿತು ಎರಡು ಮಾತು

ನೀವು ಬೀಳುವುದರ ಹಿಂದೆ ದೊಡ್ಡ ವಂಶಾವಳಿಯಿದೆ. ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲದ ಹಾವಿನ ವಿಷ ಕಚ್ಚಿಸಿಕೊಂಡವರ ರಕ್ತದೊತ್ತಡವನ್ನು ಕುಸಿಯುವಂತೆ ಮಾಡುತ್ತಿತ್ತು; ಆ ವಿಷದ ಜಾಡು ಹಿಡಿದು ಬಂದದ್ದೇ ಕ್ಯಾಪ್ಟೊಪ್ರಿಲ್, ನಿಮ್ಮ ಡಬ್ಬಿಯ ರ‍್ಯಾಮಿಪ್ರಿಲ್‌ನ ಹಿರಿಯಣ್ಣ. ನಮ್ಮ ಕಾಡಿನ ಸರ್ಪಗಂಧಿಯ ಬೇರು ಬಿಪಿ ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದು ಲೋಕದ ಕಣ್ಣು ತೆರೆಸಿದರು. ಇನ್ನು ನಾಲಿಗೆ ಕೆಳಗಿಡೋ ಮಾತ್ರೆಯ ಹಿರಿಯಣ್ಣ, ಸಿಡಿಮದ್ದಿನ ನೈಟ್ರೊಗ್ಲಿಸರಿನ್. ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೆ ಭಾನುವಾರದ ರಜೆ ಮುಗಿಸಿ ಬಂದ ಸೋಮವಾರ ಅದರಿಂದ ತಲೆ ಸಿಡಿಯುತ್ತಿತ್ತು. ಡೈನಮೈಟಿನ ಜನಕ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಎದೆನೋವಿಗೆ ಅದನ್ನು ಬರೆದುಕೊಟ್ಟರು. ನೊಬೆಲ್ ತೀರಿಕೊಂಡ 1896ರಲ್ಲೇ ಇಟಲಿಯ ರಿವಾ ರೋಚಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ ಪ್ರಕಟಿಸಿದ್ದು. ಒತ್ತಡ ಇಳಿಸುವುದು ಈ ಮನೆತನದ ಕುಲಕಸುಬು. ಅದರಿಂದ ಲಕ್ಷಾಂತರ ಜೀವ ಉಳಿದಿರುವುದೂ ನಿಜವೇ. ಎಲ್ಲಿಗೆ ನಿಲ್ಲಿಸಬೇಕೆಂದು ಹೇಳುವವರಿರಬೇಕು, ಅಷ್ಟೆ.

ವಿಧಾನ ಕೆಡಿಸುವ ಸಂಗತಿಗಳು

ಎಚ್ಚರವಾದ ಮೇಲೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂರುವುದು, ಪಾದ ಮೇಲೆ ಕೆಳಗೆ ಆಡಿಸುವುದು, ನಿಂತ ಮೇಲೂ ಮಂಚ ಹಿಡಿದು ತುಸು ಕಾಯುವುದು. ಬಚ್ಚಲಲ್ಲಿ ಸ್ಟೂಲು, ಗೋಡೆಗೆ ಹಿಡಿ, ದಾರಿಗೊಂದು ಸಣ್ಣ ದೀಪ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಇಡೀ ಡಬ್ಬಿಯನ್ನು ಒಬ್ಬರೇ ಡಾಕ್ಟರ ಮೇಜಿನ ಮೇಲೆ ಸುರಿಯುವುದು. ಅವರು ಒಂದನ್ನು ಬಿಡಿಸುತ್ತಾರೆ, ಇನ್ನೊಂದರ ಹೊತ್ತು ಬದಲಿಸುತ್ತಾರೆ, ನಿಮ್ಮ ಶ್ರಮವೆಲ್ಲ ವ್ಯರ್ಥ.

ಹಾಗಾಗಬಾರದೆಂದಿದ್ದರೆ ತಲೆ ಸುತ್ತಿದ್ದನ್ನು ಹೇಳಲೇಬೇಡಿ. ಸೊಸೆ ‘ಏನಾಯ್ತು ಮಾವ?’ ಎಂದರೆ ‘ಏನಿಲ್ಲಮ್ಮ, ಪಿತ್ತ’ ಅನ್ನಿ. ಉಪ್ಪು ಹಾಕಿದ ನಿಂಬೆ ಶರಬತ್ತು ಬರುತ್ತದೆ. ಹೃದಯ ಸೋತವರಿಗೆ ಆ ಉಪ್ಪು ಕಾಲಿನ ಬಾವನ್ನೂ ಉಬ್ಬಸವನ್ನೂ ತರಬಲ್ಲದು, ಆದರೆ ಅದು ಬೇರೆ ಕೈಪಿಡಿಯ ವಿಷಯ.

ಪಳಗಿದವರಿಗೆ

‘ಈ ಮಾತ್ರೆಯಿಂದಲೇ ಸುತ್ತು’ ಎಂದು ನಿರ್ಧರಿಸಿ ಒಂದು ಬೆಳಿಗ್ಗೆ ಎಲ್ಲವನ್ನೂ ನೀವೇ ನಿಲ್ಲಿಸಿಬಿಡುವುದೂ ಒಂದು ವಿಧಾನ. ಮೆಟೊಪ್ರೊಲಾಲ್‌ನಂಥದ್ದನ್ನು ತಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಬೀಳುವುದಕ್ಕಿಂತ ಹೆಚ್ಚಿನದನ್ನು ಬಯಸುವವರಿಗೆ ಇದು.

ಕೈಪಿಡಿ ಅನ್ವಯಿಸದ ಸಂದರ್ಭಗಳು

ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಮಲ ಕಪ್ಪಗಾಗಿದ್ದರೆ, ಅಥವಾ ಬಿದ್ದಾಗ ತಲೆಗೆ ಸಣ್ಣ ಪೆಟ್ಟೇ ಬಿದ್ದಿದ್ದರೂ ತಮಾಷೆ ಸಾಕು, ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡೋ ಮಾತ್ರೆ ನುಂಗುತ್ತಿದ್ದರೆ ಅದನ್ನು ಅಲ್ಲಿ ಮೊದಲ ಮಾತಾಗಿ ಹೇಳಿ.