ಗಾಲಿಶಾಸನ: 14 ಇಂಚಿನಿಂದ 16 ಇಂಚಿಗೆ, ಒಂದು ವಿಮರ್ಶಾತ್ಮಕ ಅಧ್ಯಯನ

1. ಪ್ರಸ್ತಾವನೆ

ಕನ್ನಡನಾಡಿನಲ್ಲಿ ಶಾಸನಗಳ ಅಧ್ಯಯನ ವಿಪುಲವಾಗಿ ನಡೆದಿದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು, ತಾಮ್ರಪಟ, ಯಾವುದನ್ನೂ ವಿದ್ವಾಂಸರು ಬಿಟ್ಟಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾಕ್ಕಾಗಿ ಮೈಸೂರು ಸೀಮೆಯ ಸಾವಿರಾರು ಕಲ್ಲುಗಳನ್ನು ಮಾತಾಡಿಸಿದರು. ಆದರೆ ಕಾರಿನ ಟಯರಿನ ಮಗ್ಗುಲಲ್ಲಿ ಉಬ್ಬಕ್ಷರದಲ್ಲಿ ಬರೆದಿರುವ ಶಾಸನ ಮಾತ್ರ, ದಿನವೂ ಕಣ್ಣೆದುರೇ ಉರುಳಿದರೂ, ಅನಾದೃತವಾಗಿ ಉಳಿದುಹೋಗಿದೆ. ಈ ಕುರಿತು ಇದುವರೆಗೆ ನಡೆದಿರುವ ಏಕೈಕ ಕ್ಷೇತ್ರಕಾರ್ಯ ಬೀದಿನಾಯಿಗಳದು. ಅವು ತಮ್ಮ ಅಭಿಪ್ರಾಯವನ್ನು ಸ್ಥಳದಲ್ಲೇ ದಾಖಲಿಸಿ ಮುಂದಿನ ಟಯರಿಗೆ ಹೋಗುವುದರಿಂದ ಸಮಗ್ರ ಗ್ರಂಥವೊಂದು ಹೊರಬಂದಿಲ್ಲ.

ಆ ಕೊರತೆಯನ್ನು ತುಂಬುವುದು ಪ್ರಸ್ತುತ ಸಂಶೋಧಕನ ವಿನಮ್ರ ಉದ್ದೇಶ. ಅಧ್ಯಯನದ ಆಕರ: ಆಫೀಸು, ತರಕಾರಿ ಮಾರ್ಕೆಟ್ಟು, ವರ್ಷಕ್ಕೊಮ್ಮೆ ಧರ್ಮಸ್ಥಳ, ಇಷ್ಟೇ ಸಂಚಾರವುಳ್ಳ ಒಂದು ಸಾಮಾನ್ಯ ಸ್ವಿಫ್ಟ್ ಕಾರು. ಪ್ರಶ್ನೆಗಳು ಎರಡು. ಕಂಪನಿ ಕೊಟ್ಟ 14 ಇಂಚಿನ ಉಕ್ಕಿನ ಚಕ್ರ ಬಿಚ್ಚಿಸಿ 16 ಇಂಚಿನ ಅಲಾಯ್ ಹಾಕಿಸಬೇಕೆಂಬ ಆಸೆ ಮನುಷ್ಯನಲ್ಲಿ ಏಕೆ ಹುಟ್ಟುತ್ತದೆ? ಹುಟ್ಟಿದ ಮೇಲೆ ಏನಾಗುತ್ತದೆ? ಮೊದಲನೆಯದಕ್ಕೆ ಉತ್ತರ: ಎದುರುಮನೆಯವರು ಹಾಕಿಸಿದ್ದಾರೆ. ಆದ್ದರಿಂದ ಪ್ರಬಂಧದ ಉಳಿದ ಭಾಗ ಎರಡನೆಯದಕ್ಕೆ ಮೀಸಲು.

2. ಶಾಸನಪಾಠ

ಮೂಲಪಾಠ ಹೀಗಿದೆ: 165/80 ಆರ್ 14, 85 ಟಿ.

ಇದರಲ್ಲಿ 165 ಎಂಬುದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಮುಂದಿನ 80 ಕೂಡ ಮಿಲಿಮೀಟರೇ ಎಂದು ನಂಬುವ ಪಂಡಿತರುಂಟು. ಅದು ಶೇಕಡಾವಾರು. ಅಗಲದ ಶೇ. 80ರಷ್ಟು, ಅಂದರೆ 132 ಮಿ.ಮೀ., ಟಯರಿನ ಪಕ್ಕಗೋಡೆಯ ಎತ್ತರ. ‘ಆರ್’ ಎಂದರೆ ರಿಮ್ ಎಂಬ ಓದು ಜನಪ್ರಿಯವಾದರೂ ಅಪಪಾಠ. ಅದು ರೇಡಿಯಲ್, ಎಂದರೆ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹಾಯುವ ರಚನೆ. ಮಿಷೆಲಿನ್ ಕಂಪನಿ ಇದಕ್ಕೆ 1946ರಲ್ಲಿ ಪೇಟೆಂಟ್ ಪಡೆಯಿತು. 14 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿರುವ ಈ ಶೈಲಿಯನ್ನು ಕಂಡರೆ ಚಂಪೂಕಾರರೂ ತಲೆದೂಗುತ್ತಿದ್ದರು.

ಉಳಿದದ್ದು ದಾನಶಾಸನದ ಶಾಪಾಶಯದಂತೆ ಎಚ್ಚರಿಕೆಯ ಭಾಗ. 85 ಎಂದರೆ ಈ ಟಯರು ಹೊರಬಲ್ಲ ಭಾರ 515 ಕೆಜಿ. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಭಾರದ ಮಿತಿಯನ್ನು ಊರಿನಿಂದ ಅಕ್ಕಿಮೂಟೆ, ತೆಂಗಿನಕಾಯಿ, ಹಲಸಿನಹಣ್ಣು ತರುವ ಕುಟುಂಬಗಳು ಶ್ರದ್ಧೆಯಿಂದ ಪರೀಕ್ಷಿಸುತ್ತ ಬಂದಿವೆ. ವೇಗದ ಮಿತಿಯ ಪ್ರಯೋಗಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಪರಿಸರದಲ್ಲಿ ಅವಕಾಶ ಒದಗಿಲ್ಲ.

3. ಕಾಲನಿರ್ಣಯ

ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲದ್ದರಿಂದ ವಿದ್ವಾಂಸರು ಲಿಪಿಯ ತಿರುವುಗಳನ್ನು ನೋಡಿ ಸುಮಾರು ಕ್ರಿ.ಶ. 450 ಎಂದು ತೀರ್ಮಾನಿಸಬೇಕಾಯಿತು. ಗಾಲಿಶಾಸನದಲ್ಲಿ ಆ ತೊಡಕಿಲ್ಲ. ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2323 ಎಂದಿದ್ದರೆ 2023ನೆಯ ಇಸವಿಯ 23ನೆಯ ವಾರದಲ್ಲಿ ಆ ಟಯರು ಹುಟ್ಟಿತೆಂದು ಅರ್ಥ. ಇಷ್ಟು ಸ್ಪಷ್ಟವಾದ ಕಾಲೋಲ್ಲೇಖವಿದ್ದೂ ಕೊಳ್ಳುವವರು ಓದದಿರುವುದರಿಂದ, ಗೋದಾಮಿನಲ್ಲಿ ಮೂರು ಮಳೆಗಾಲ ಕಂಡ ಟಯರು ‘ಫ್ರೆಶ್ ಪೀಸ್ ಸಾರ್’ ಎಂಬ ಪ್ರಕ್ಷಿಪ್ತ ವಾಕ್ಯದೊಂದಿಗೆ ಕೈಬದಲಾಗುತ್ತದೆ.

ಅವಸಾನಕಾಲವೂ ಶಾಸನದಲ್ಲೇ ಇದೆ. ಟಯರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಚಿಕ್ಕ ದಿಬ್ಬಗಳಿರುತ್ತವೆ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದಾಗ ಟಯರು ಬದಲಾಯಿಸತಕ್ಕದ್ದು. ‘ಇನ್ನೂ ಒಂದು ದೀಪಾವಳಿ ಓಡುತ್ತೆ’ ಎಂಬುದು ಪಾಠಾಂತರ. ಅದನ್ನು ಅನುಸರಿಸಿದವರು ದೀಪಾವಳಿಗೆ ಮುಂಚೆ ಮಳೆಗಾಲ ಬರುವುದನ್ನು ಗಮನಿಸಿರುವುದಿಲ್ಲ.

4. ಪಂಥಭೇದ

ಈ ಶಾಸ್ತ್ರದಲ್ಲಿ ಮೂರು ದರ್ಶನಗಳಿವೆ. ಕಂಪನಿ ಕೊಟ್ಟದ್ದೇ ಪ್ರಮಾಣ ಎನ್ನುವ ಯಥಾಸ್ಥಿತಿವಾದಿಗಳು. ಅದೇ ಕಾರಿನ ದುಬಾರಿ ಮಾದರಿಗೆ ಕಂಪನಿಯೇ ಹಾಕುವ 185/65 ಆರ್ 15ರಷ್ಟಕ್ಕೆ ನಿಲ್ಲುವ ಒಂದಿಂಚುವಾದಿಗಳು. ಮತ್ತು 195/55 ಆರ್ 16ಕ್ಕೆ ಹಾರುವ ಎರಡಿಂಚುವಾದಿಗಳು. 17 ಇಂಚಿನವರನ್ನು ಇಲ್ಲಿ ಪ್ರತ್ಯೇಕ ದರ್ಶನವೆಂದು ಪರಿಗಣಿಸಿಲ್ಲ. ಅವರು ಪಂಥವನ್ನು ಮೀರಿದವರು, ಬ್ಯಾಂಕಿನವರ ಪರಿಗಣನೆಗೆ ಬಿಟ್ಟವರು.

ಎರಡಿಂಚುವಾದದ ಗುರುಕುಲಗಳು ಬೆಂಗಳೂರಿನ ಜೆ.ಸಿ. ರೋಡಿನಲ್ಲಿವೆ. ಅಲ್ಲಿನ ಮೌಖಿಕ ಪರಂಪರೆಯ ಒಂದು ಮಾದರಿ:

‘ಟೂ ಇಂಚ್ ಅಪ್ ಹಾಕ್ಬಿಡಿ ಸಾರ್, ಗಾಡಿ ಲುಕ್ಕೇ ಬೇರೆ.’

‘ಮೈಲೇಜ್ ಕಮ್ಮಿ ಆಗಲ್ವಾ?’

‘ಮೈಲೇಜ್ ಕೇಳೋರು ಅಲಾಯ್ ಹಾಕ್ಸಲ್ಲ ಸಾರ್.’

ಪ್ರಶ್ನೆ ಕೇಳಿದವನನ್ನೇ ಪ್ರಶ್ನೆಯೊಳಗೆ ಸಿಕ್ಕಿಸುವ ಈ ತರ್ಕಕ್ಕೆ ನ್ಯಾಯಶಾಸ್ತ್ರದಲ್ಲಿ ಪರಿಹಾರವಿಲ್ಲ. ಶಿಷ್ಯ ಕಾರ್ಡು ಉಜ್ಜಿ ಹೊರಬರುತ್ತಾನೆ.

5. ವ್ಯಾಸಸೂತ್ರ

ಪ್ರಬಂಧದ ಹೃದಯಭಾಗ ಇದು. (ಈ ಸೂತ್ರಕ್ಕೂ ವ್ಯಾಸಮಹರ್ಷಿಗೂ ಇರುವುದು ಬಾದರಾಯಣ ಸಂಬಂಧ.)

ಸೂತ್ರ: ರಿಮ್ಮು ಬೆಳೆದಂತೆ ರಬ್ಬರು ಕ್ಷೀಣಿಸತಕ್ಕದ್ದು.

ಭಾಷ್ಯ: ಚಕ್ರದ ಒಟ್ಟು ವ್ಯಾಸವನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. 620 ಮಿ.ಮೀ. ವ್ಯಾಸದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 513 ಸುತ್ತು ತಿರುಗುತ್ತದೆ. ಸ್ಪೀಡೋಮೀಟರು ಈ ಸುತ್ತುಗಳನ್ನು ಎಣಿಸಿಯೇ ವೇಗ ಹೇಳುವುದು. ವ್ಯಾಸ ಶೇ. 5ರಷ್ಟು ಹೆಚ್ಚಿದರೆ ಮುಳ್ಳು ತನ್ನ ಹಳೆಯ ಲೆಕ್ಕಕ್ಕಿಂತ ಸುಮಾರು ಅಷ್ಟೇ ಕಡಿಮೆ ತೋರಿಸುತ್ತದೆ. ಕ್ಯಾಮೆರಾ ಮಾತ್ರ ಪೂರ್ತಿ ತೋರಿಸುತ್ತದೆ. ಜೊತೆಗೆ ಚಕ್ರ ಮಡ್‌ಗಾರ್ಡಿನ ಒಳಮೈಗೆ ಉಜ್ಜುತ್ತದೆ. ಆದ್ದರಿಂದ ಒಟ್ಟು ವ್ಯಾಸವನ್ನು ಹಾಗೇ ಉಳಿಸಿಕೊಂಡು, ರಿಮ್ಮಿಗೆ ಕೊಟ್ಟದ್ದನ್ನು ರಬ್ಬರಿನಿಂದ ಕಿತ್ತುಕೊಳ್ಳಬೇಕು.

ಲೆಕ್ಕ ನೋಡಿ. 14 ಇಂಚಿನಲ್ಲಿ ಪಕ್ಕಗೋಡೆ 132 ಮಿ.ಮೀ. 15ರಲ್ಲಿ 120. 16ರಲ್ಲಿ 107. ಪಂಥಾತೀತರ 205/45 ಆರ್ 17ರಲ್ಲಿ 92. ಆ ಗೋಡೆಯೊಳಗೆ ಇರುವುದು ಗಾಳಿ. ಗುಂಡಿಯ ಪೆಟ್ಟನ್ನು ಮೊದಲು ನುಂಗುವುದು ಅದೇ. ಹೀಗಾಗಿ ಹೆಚ್ಚು ಹಣ ಕೊಟ್ಟು ಕಡಿಮೆ ಟಯರು ಕೊಳ್ಳುವ ಅಪೂರ್ವ ವ್ಯಾಪಾರವೊಂದು ನಮ್ಮ ನಡುವೆ ನಡೆಯುತ್ತಿದೆ.

ಇದನ್ನು ರಸ್ತೆಶಾಸ್ತ್ರದೊಂದಿಗೆ ಹೋಲಿಸಿ ನೋಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರು ಅಗಲ, 10 ಸೆಂ.ಮೀ. ಎತ್ತರ ಇರಬೇಕು. 17 ಇಂಚಿನವರ ಪಕ್ಕಗೋಡೆ ಇದಕ್ಕಿಂತ ಗಿಡ್ಡ. ಇದು ಪ್ರಕಟಿತ ಹಂಪುಗಳ ಮಾತು. ಊರವರೇ ರಾತ್ರೋರಾತ್ರಿ ಮಣ್ಣು ಸಿಮೆಂಟು ಕಲಸಿ ಹಾಕಿದ, ಬಣ್ಣವಿಲ್ಲದ, ಬೋರ್ಡಿಲ್ಲದ ಹಂಪುಗಳು ಅಪ್ರಕಟಿತ ಹಸ್ತಪ್ರತಿಗಳು. ಅವುಗಳ ಅಸ್ತಿತ್ವ ಓದುಗನಿಗೆ ಮೇಲಿಂದ ಹಾದಮೇಲೆಯೇ ತಿಳಿಯುತ್ತದೆ.

ಇತಿಹಾಸವನ್ನು ಇಲ್ಲಿ ಸ್ಮರಿಸುವುದು ಉಚಿತ. 1887–88ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ತಪ್ಪಲೆಂದು ರಬ್ಬರಿನೊಳಗೆ ಗಾಳಿ ತುಂಬಿದ. ಒಬ್ಬ ತಂದೆ ಒಳಗೆ ಹಾಕಿದ ಗಾಳಿಯನ್ನು ನಾವು ಇಂಚಿಂಚಾಗಿ ಹೊರಹಾಕುತ್ತಿದ್ದೇವೆ. ಸೂತ್ರವನ್ನು ಕೊನೆಯವರೆಗೆ ಎಳೆದರೆ, 24 ಇಂಚಿನ ರಿಮ್ಮಿಗೆ ಉಳಿಯುವ ರಬ್ಬರು ಕೇವಲ 5 ಮಿ.ಮೀ. ಅದನ್ನೂ ಬಿಟ್ಟರೆ ಬರುವುದು ಕಬ್ಬಿಣದ ಪಟ್ಟಿ ಬಡಿದ ಎತ್ತಿನ ಗಾಡಿಯ ಚಕ್ರ. ಇನ್ನೂ ಒಂದು ಮೆಟ್ಟಿಲು ಏರಿದರೆ ಹಂಪಿಯ ಕಲ್ಲಿನ ರಥ: ಸೊಗಸಾದ ಕೆತ್ತನೆಯ ಚಕ್ರ, ಸೊನ್ನೆ ರಬ್ಬರು, ಪಂಕ್ಚರಿನ ಮಾತೇ ಇಲ್ಲ. ಲೋ ಪ್ರೊಫೈಲ್ ಪರಂಪರೆಯ ಪರಾಕಾಷ್ಠೆ ಅದು. ಚಲಿಸುವುದಿಲ್ಲ ಎಂಬುದೊಂದೇ ಊನ, ನೋಡುವವರಿಗೇನೂ ಕೊರತೆಯಿಲ್ಲ.

6. ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷ: ಅಲಾಯ್ ಹಗುರ. ಖಂಡನೆ: ಅದೇ ಅಳತೆಯಲ್ಲಿ, ಒಳ್ಳೆಯ ತಯಾರಿಕೆಯಾದರೆ, ನಿಜ. ಎರಡು ಇಂಚು ದೊಡ್ಡದಾದ ಅಗ್ಗದ ಎರಕದ ಅಲಾಯ್ ಎಷ್ಟೋ ಸಲ ಹಳೆಯ ಉಕ್ಕಿನ ಚಕ್ರಕ್ಕಿಂತ ಭಾರ. ಆ ಭಾರ ಕೇಂದ್ರದಿಂದ ದೂರ ಸರಿದಷ್ಟೂ ಎಂಜಿನ್ನು ಅದನ್ನು ತಿರುಗಿಸಲು ಹೆಚ್ಚು ಒದ್ದಾಡುತ್ತದೆ. ಇನ್ನು ಗುಂಡಿಗೆ ಬಿದ್ದಾಗ ಉಕ್ಕು ಬಗ್ಗುತ್ತದೆ, ಬಡಿದು ನೇರಮಾಡಬಹುದು, ಅಲಾಯ್ ಸೀಳುತ್ತದೆ.

ಪೂರ್ವಪಕ್ಷ: ಅಗಲ ಟಯರಿಗೆ ಹಿಡಿತ ಹೆಚ್ಚು. ಖಂಡನೆ: ಒಣ ರಸ್ತೆಯಲ್ಲಿ ಒಪ್ಪತಕ್ಕದ್ದೇ, ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆ. ನಿಂತ ನೀರಿನ ಮೇಲೆ ಅಗಲ ಟಯರೇ ಬೇಗ ತೇಲುತ್ತದೆ. ಒಂದು ಮಳೆಗೆ ಅಂಡರ್‌ಪಾಸು ಕೆರೆಯಾಗುವ ನಗರದಲ್ಲಿ ಈ ವಾದವನ್ನು ಋತು ನೋಡಿ ಮಂಡಿಸಬೇಕು.

ಪೂರ್ವಪಕ್ಷ: ನೈಟ್ರೋಜನ್ ತುಂಬಿಸಿದರೆ ಎಲ್ಲ ಸರಿಹೋಗುತ್ತದೆ. ಖಂಡನೆ: ಗಾಳಿಯಲ್ಲಿ ಶೇ. 78ರಷ್ಟು ಅದೇ ಇದೆ. ಭಗವಂತ ಪುಕ್ಕಟೆ ಕೊಟ್ಟದ್ದರ ಉಳಿದ ಬಾಕಿಗೆ ನಾವು ದುಡ್ಡು ತೆರುತ್ತಿದ್ದೇವೆ.

ಪೂರ್ವಪಕ್ಷ: ನೋಡೋಕೆ ಚೆನ್ನಾಗಿರುತ್ತೆ. ಖಂಡನೆ: ದೊರೆತಿಲ್ಲ.

7. ಸಂಕೀರ್ಣ ವಿಚಾರಗಳು

ಸ್ವಿಫ್ಟಿನ ಚಕ್ರಕ್ಕೆ ನಾಲ್ಕು ತೂತುಗಳು, 100 ಮಿ.ಮೀ. ವ್ಯಾಸದ ವೃತ್ತದಲ್ಲಿ. ಬೇರೆ ಅಳತೆಯ ಅಲಾಯನ್ನು ಅಡಾಪ್ಟರು, ವಾಷರು ಕೊಟ್ಟು ಕೂರಿಸುವುದು ಕವಿಸಮಯವಲ್ಲ, ಅಪಾಯ. ಚಕ್ರ ಬಾಡಿಯಿಂದ ಹೊರಗೆ ಇಣುಕಿದರೆ ಕೆಸರು ಬಾಗಿಲಿಗೂ ಪಕ್ಕದ ಬೈಕಿನವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕಿದೆ. ಅದರ ವ್ಯಾಖ್ಯಾನವನ್ನು ಟ್ರಾಫಿಕ್ ಪೊಲೀಸರು ರಸ್ತೆಬದಿಯಲ್ಲೇ, ವಿಚಾರಸಂಕಿರಣದ ಅಗತ್ಯವಿಲ್ಲದೆ, ಮಾಡಿಕೊಡುತ್ತಾರೆ. ಕೊನೆಗೆ ಸ್ಟೆಪ್ನಿ. ನಾಲ್ಕು ಚಕ್ರ ಬದಲಾಯಿಸಿದವರು ಐದನೆಯದನ್ನು ಮರೆಯುತ್ತಾರೆ. ನಾಲ್ಕು ನವ್ಯ, ಡಿಕ್ಕಿಯಲ್ಲೊಂದು ಹಳಗನ್ನಡ. ಪಂಕ್ಚರಾದ ದಿನ ಎರಡೂ ಒಂದೇ ಸಾಲಿನಲ್ಲಿ ಓಡಬೇಕು.

8. ಸಿದ್ಧಾಂತ

ಸಂಶೋಧನೆಯಿಂದ ಹೊರಟ ನಿರ್ಣಯ ಇಷ್ಟು. ಗಾಡಿಯ ನಡತೆ ಬದಲಿಸುವುದು ರಬ್ಬರು, ನೋಟ ಬದಲಿಸುವುದು ರಿಮ್ಮು. ಇರುವ ಬಜೆಟ್ಟನ್ನು ಹೊಸ ತಾರೀಖಿನ ಒಳ್ಳೆಯ ಟಯರಿಗೆ, ವ್ಹೀಲ್ ಅಲೈನ್‌ಮೆಂಟಿಗೆ, ಬ್ಯಾಲೆನ್ಸಿಂಗಿಗೆ ಸುರಿದರೆ ಬ್ರೇಕು ಹಿಡಿಯುತ್ತದೆ, ಸ್ಟೀರಿಂಗು ನೆಟ್ಟಗಿರುತ್ತದೆ, ಬೆನ್ನು ಉಳಿಯುತ್ತದೆ. ಆಸೆ ತಡೆಯದಿದ್ದರೆ ಒಂದಿಂಚುವಾದ ಗೃಹಸ್ಥರಿಗೆ ವಿಹಿತ. ಒಳ್ಳೆಯ ರಬ್ಬರು ಹಾಕಿಸಿದ್ದನ್ನು ಎದುರುಮನೆಯವರು ಗುರುತಿಸುವುದಿಲ್ಲ ಎಂಬ ದೋಷ ಈ ಸಿದ್ಧಾಂತಕ್ಕಿದೆ. ಅದು ಜೆ.ಸಿ. ರೋಡಿನಲ್ಲಿ ತಿರಸ್ಕೃತವಾಗಿರುವುದು ಇದೇ ಕಾರಣಕ್ಕೆ.

ಫಲಶ್ರುತಿ

ಈ ಪ್ರಬಂಧವನ್ನು ತಿಂಗಳಿಗೊಮ್ಮೆ ಪ್ರಾತಃಕಾಲ, ಟಯರು ತಣ್ಣಗಿರುವಾಗ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿ ಇದೆಯೇ ಎಂದು ನೋಡಿ ಪಠಿಸಿದವರಿಗೆ ಟಯರು ಸಮನಾಗಿ ಸವೆಯುವುದು, ಪೆಟ್ರೋಲು ಉಳಿಯುವುದು. ಗಾಳಿ ನೋಡದೆ ಬರೀ ಪಠಿಸಿದವರಿಗೆ ಪಂಕ್ಚರ್ ಅಂಗಡಿಯವರ ಸ್ನೇಹ ಲಭಿಸುವುದು. ಇಷ್ಟೆಲ್ಲ ಓದಿಯೂ 17 ಇಂಚು ಹಾಕಿಸಿದವರಿಗೆ ಹಂಪು ಬಂದಲ್ಲೆಲ್ಲ ದೇವರ ನೆನಪಾಗಿ, ಬೆಂಗಳೂರಿನ ರಸ್ತೆಗಳ ಕೃಪೆಯಿಂದ ಅಖಂಡ ನಾಮಸ್ಮರಣೆಯ ಪುಣ್ಯ ಒಂದೇ ಮಳೆಗಾಲದಲ್ಲಿ ಪ್ರಾಪ್ತವಾಗುವುದು.